ಮೆಟ್ಟಿಲು ಗುಡಿಸುವ ಸರದಿ ಯಾರದು?

ಎರಡು ಸಂಚಿಕೆಗಳ ಹಿಂದೆ, ದಕ್ಷಿಣ ಜರ್ಮನಿಯ ಎಸ್ಲಿಂಗೆನ್ ಎಂಬ ಸಣ್ಣ ಊರಿನಲ್ಲಿ ನಾವಿಬ್ಬರೂ ಒಂಬತ್ತು ವರ್ಷಗಳಿಂದ ನಡೆಸುತ್ತಿರುವ ಸಂಸಾರದ ಬಗ್ಗೆ ಇಲ್ಲಿ ಬರೆದಿದ್ದೆ. ಅದನ್ನು ಓದಿದವರ ಪ್ರಶ್ನೆಗಳ ಒಂದು ಕಟ್ಟನ್ನು ಸಂಪಾದಕರು ಕಳುಹಿಸಿದ್ದಾರೆ. ಸಂಬಳ ಎಷ್ಟು ಎಂದು ಕೇಳಿದ ಏಳು ಪತ್ರಗಳನ್ನು ಪಕ್ಕಕ್ಕಿಟ್ಟು ಉಳಿದವುಗಳಿಗೆ ಉತ್ತರಿಸುತ್ತಿದ್ದೇನೆ.

ಅಲ್ಲಿ ಮನೆಗೆಲಸಕ್ಕೆ ಜನ ಸಿಗುವುದಿಲ್ಲವಂತೆ. ಕಟ್ಟಡದ ಮೆಟ್ಟಿಲನ್ನೂ ನೀವೇ ಗುಡಿಸಬೇಕೆಂದು ಬರೆದಿದ್ದಿರಿ. ನಿಜವೇ, ಉತ್ಪ್ರೇಕ್ಷೆಯೇ?
– ಓದುಗಿ, ಶಿವಮೊಗ್ಗ

ನಿಜ. ಉತ್ಪ್ರೇಕ್ಷೆ ಮಾಡುವಷ್ಟು ಧೈರ್ಯ ನನಗಿಲ್ಲ, ಕೆಳಗಿನ ಮನೆಯ ಅಜ್ಜಿಗೆ ತಿಳಿದರೆ ಕಷ್ಟ.

ನಾವು ಬಂದ ಮೂರನೆಯ ವಾರ ಬಾಗಿಲಿನ ಹಿಡಿಕೆಗೆ ಒಂದು ಪುಟ್ಟ ಮರದ ಫಲಕ ನೇತಾಡುತ್ತಿತ್ತು. ಅದರ ಮೇಲೆ ‘ಕೇರ್‌ವೊಹೆ’ ಎಂದಿತ್ತು. ಹಬ್ಬದ ಶುಭಾಶಯವಿರಬೇಕೆಂದು ಇವರು ಅದನ್ನು ಒಳಗೆ ತಂದು ದೇವರ ಗೂಡಿನ ಪಕ್ಕದಲ್ಲಿ ತೂಗುಹಾಕಿದರು. ನಾಲ್ಕು ದಿನಗಳ ನಂತರ ನೆಲಮಹಡಿಯ ಅಜ್ಜಿ ಬಂದು, ನಗದೆ, ಬೈಯದೆ, ನನ್ನ ಕೈಗೆ ಒಂದು ಪೊರಕೆ ಕೊಟ್ಟರು. ಫಲಕದ ಅರ್ಥ ‘ಗುಡಿಸುವ ವಾರ’ ಎಂದಾಗಿತ್ತು. ಆರು ಮನೆಗಳ ಕಟ್ಟಡದಲ್ಲಿ ಫಲಕ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಅವರದು. ಶನಿವಾರ ಸಂಜೆಯೊಳಗೆ ಗುಡಿಸಿ, ಒರೆಸಿ, ಕೈಗಂಬಿಯ ದೂಳು ತೆಗೆದು, ಫಲಕವನ್ನು ಮುಂದಿನ ಬಾಗಿಲಿಗೆ ದಾಟಿಸಬೇಕು. ಇದು ಚಿಕ್ಕ ಸರದಿ. ದೊಡ್ಡ ಸರದಿಯಲ್ಲಿ ನೆಲಮಾಳಿಗೆ, ಕಸದ ತೊಟ್ಟಿ ಇಡುವ ಜಾಗ, ಮನೆಮುಂದಿನ ಕಾಲುದಾರಿ ಎಲ್ಲವೂ ಸೇರುತ್ತವೆ. ಹಿಮ ಬಿದ್ದರೆ ಬೆಳಿಗ್ಗೆ ಏಳರೊಳಗೆ ಕಾಲುದಾರಿಯಿಂದ ಅದನ್ನು ಕೆರೆದು ತೆಗೆಯಬೇಕು. ಯಾರಾದರೂ ಜಾರಿ ಬಿದ್ದು ಮೂಳೆ ಮುರಿದುಕೊಂಡರೆ ನಷ್ಟದ ಲೆಕ್ಕ ನಮ್ಮ ಬಾಗಿಲಿಗೇ ಬರಬಹುದು.

ಇದು ಇಡೀ ಜರ್ಮನಿಯ ಪದ್ಧತಿಯಲ್ಲ, ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬೆನ್ ಸೀಮೆಯವರ ಹೆಮ್ಮೆ. ಇದರ ಬೇರು ಹುಡುಕುವವರು 1492ರ ಸ್ಟುಟ್‌ಗಾರ್ಟ್ ನಗರದ ಕಟ್ಟಳೆಯವರೆಗೆ ಹೋಗುತ್ತಾರೆ. ಪ್ರತಿಯೊಬ್ಬನೂ ತನ್ನ ಕಸವನ್ನು ವಾರಕ್ಕೊಮ್ಮೆ ಹೊರಗೆ ಸಾಗಿಸಬೇಕು ಎಂದು ಗಡ್ಡದ ಎಬರ್‌ಹಾರ್ಡ್ ಎಂಬ ದೊರೆಯ ಕಾಲದಲ್ಲಿ ಬರೆದಿಟ್ಟದ್ದು. ಈ ದೊರೆ ಮುಂದೆ ಇನ್ನೊಂದು ಉತ್ತರದಲ್ಲಿಯೂ ಬರುತ್ತಾನೆ, ನೆನಪಿಡಿ.

ಜರ್ಮನ್‌ನ ‘ಕೇರೆನ್’ ಎಂದರೆ ಗುಡಿಸು. ಸಾಗರದ ಕಡೆಯವಳಾದ ನನ್ನ ಕಿವಿಗೆ ಅದು ಮೊರ ಹಿಡಿದು ಅಕ್ಕಿ ‘ಕೇರು’ವಂತೆಯೇ ಕೇಳಿಸಿತು. ಎರಡಕ್ಕೂ ಯಾವ ನಂಟೂ ಇರಲಾರದು. ಆದರೂ ನಾನು ಇಲ್ಲಿ ಮರೆಯದೆ ಕಲಿತ ಮೊದಲ ಪದ ಅದೇ.

ಹುಬ್ಬಳ್ಳಿಯ ತಮ್ಮ ಮನೆಯಲ್ಲಿ ಪೊರಕೆ ಎಲ್ಲಿರುತ್ತದೆಂದೂ ಅರಿಯದ ಇವರು ಈಗ ಮೆಟ್ಟಿಲು ಒರೆಸುವುದರಲ್ಲಿ ಪಂಡಿತರು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಮೂಲೆಗೆ ಹಳೆಯ ಹಲ್ಲುಜ್ಜುವ ಬ್ರಷ್. ಅಜ್ಜಿ ಕೈಗಂಬಿಯ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿ, ಏನೂ ಹೇಳದೆ ಒಳಗೆ ಹೋಗುತ್ತಾರೆ. ‘ಬೈಯದಿದ್ದರೆ ಅದೇ ಹೊಗಳಿಕೆ’ ಎಂಬುದು ಇಲ್ಲಿಯವರ ಗಾದೆ. ಆ ಲೆಕ್ಕದಲ್ಲಿ ಇವರು ಎಂಟು ವರ್ಷಗಳಿಂದ ಸತತವಾಗಿ ಹೊಗಳಿಸಿಕೊಳ್ಳುತ್ತಿದ್ದಾರೆ.

ಭಾನುವಾರ ಮಿಕ್ಸಿ ಹಾಕಿದರೆ ಪೊಲೀಸರು ಬರುತ್ತಾರೆಂದು ನನ್ನ ಮಗ ಹೆದರಿಸುತ್ತಾನೆ. ಮುಂದಿನ ತಿಂಗಳು ಅವನ ಮನೆಗೆ ಬರುತ್ತಿದ್ದೇನೆ.
– ಓದುಗಿ, ಮಂಡ್ಯ

ಪೊಲೀಸರು ಬರುವುದಿಲ್ಲ, ಪಕ್ಕದ ಮನೆಯವರು ಬರುತ್ತಾರೆ. ಯಾವುದು ಮೇಲೆಂದು ನೀವೇ ನಿರ್ಧರಿಸಿ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಕೂಡದು. ಭಾನುವಾರವಿಡೀ ಗೋಡೆಗೆ ಮೊಳೆ ಹೊಡೆಯುವುದು, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದು ಸಲ್ಲದು. ಗಾಜಿನ ಬಾಟಲಿಗಳನ್ನು ಬೀದಿಯ ಸಂಗ್ರಹ ಡಬ್ಬಕ್ಕೆ ಹಾಕುವಂತೆಯೂ ಇಲ್ಲ, ಠಣ್ ಎನ್ನುತ್ತದೆಯಲ್ಲ. ಎರಡು ನಿಮಿಷ ಚಟ್ನಿ ರುಬ್ಬಿದರೆ ಯಾರೂ ಏನೂ ಅನ್ನುವುದಿಲ್ಲ. ಇಡ್ಲಿಗೆ ನಲವತ್ತು ನಿಮಿಷ ರುಬ್ಬುವ ಕೆಲಸವನ್ನು ಮಾತ್ರ ಶನಿವಾರವೇ ಮುಗಿಸಿ. ಚಳಿಗಾಲದಲ್ಲಿ ಹಿಟ್ಟು ಹುದುಗುವುದಕ್ಕೂ ಶನಿವಾರದಿಂದ ಭಾನುವಾರದವರೆಗಿನ ಹೊತ್ತು ಬೇಕು.

ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಭಾನುವಾರದ ಬಿಡುವನ್ನು 1919ರ ಸಂವಿಧಾನದಲ್ಲಿಯೇ ಬರೆದಿದ್ದರು. 1949ರಲ್ಲಿ ಹೊಸದನ್ನು ಬರೆದಾಗ ಆ ವಿಧಿಯನ್ನು ಹಾಗೆಯೇ ಎತ್ತಿ ಇಟ್ಟುಕೊಂಡರು. ಹಾಲು ಮುಗಿದಿದ್ದರೆ ದೊಡ್ಡ ರೈಲು ನಿಲ್ದಾಣಕ್ಕೆ ಹೋಗಿ, ಅಲ್ಲಿನ ಅಂಗಡಿಗಳು ತೆರೆದಿರುತ್ತವೆ. ಮೊದಲ ವರ್ಷ ಈ ಮುಚ್ಚಿದ ಊರನ್ನು ಕಂಡು ನನಗೆ ಅಳುವೇ ಬರುತ್ತಿತ್ತು. ಈಗ ಬೆಂಗಳೂರಿಗೆ ಬಂದಾಗ ಭಾನುವಾರ ಸಂಜೆಯ ಮಾಲ್‌ನ ಗದ್ದಲದಲ್ಲಿ ತಲೆ ಸಿಡಿಯುತ್ತದೆ.

ಮದುವೆಯಾಗಿ ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೇನೆ. ಯಜಮಾನರಿಗೆ ನೀಲಿ ಕಾರ್ಡ್ (ಪರಿಣತ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಇದೆ. ನಾನು ಕೆಲಸ ಮಾಡಬಹುದೇ? ಜರ್ಮನ್ ಕಲಿಯಲೇಬೇಕೇ? ಕಚೇರಿಯಲ್ಲಿ ಎಲ್ಲರೂ ಇಂಗ್ಲಿಷ್ ಮಾತನಾಡುತ್ತಾರೆ ಎನ್ನುತ್ತಾರೆ ಅವರು.
– ಓದುಗಿ, ತುಮಕೂರು

ಮಾಡಬಹುದು. ನೀಲಿ ಕಾರ್ಡ್ ಇರುವವರ ಪತಿ ಅಥವಾ ಪತ್ನಿಗೆ ಬಂದ ದಿನದಿಂದಲೇ ಕೆಲಸದ ಹಕ್ಕಿದೆ. ವೀಸಾಕ್ಕಾಗಿ ಭಾಷೆಯ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಈ ವಿನಾಯಿತಿಯೇ ಬಲೆ. ಕಲಿಯದೆ ಬಂದು, ‘ಆಮೇಲೆ ನೋಡೋಣ’ ಎಂದುಕೊಂಡು, ಮೂರು ವರ್ಷ ಅಡುಗೆಮನೆಯ ಕಿಟಕಿಯಿಂದ ಬಸ್ ಎಣಿಸಿದವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬಳು ನಾನೇ, ಮೊದಲ ಒಂದೂವರೆ ವರ್ಷ.

ನಿಮ್ಮ ಯಜಮಾನರ ಕಚೇರಿಯಲ್ಲಿ ಇಂಗ್ಲಿಷ್ ಇರಬಹುದು. ಅಂಚೆ ಡಬ್ಬದಲ್ಲಿ ಇರುವುದಿಲ್ಲ. ಈ ದೇಶ ಇನ್ನೂ ಕಾಗದದ ಮೇಲೆಯೇ ನಡೆಯುತ್ತದೆ. ಮನೆ ಹಿಡಿದ ಎರಡು ವಾರಗಳಲ್ಲಿ ವಿಳಾಸ ನೋಂದಾಯಿಸಬೇಕು. ನೋಂದಾಯಿಸಿದ ಕೂಡಲೇ ಪತ್ರಗಳ ಮಳೆ. ಮನೆಗೆ ಟಿವಿ ಇರಲಿ ಬಿಡಲಿ, ತಿಂಗಳಿಗೆ 17.50 ಯೂರೊ ಪ್ರಸಾರ ಶುಲ್ಕ ಕಟ್ಟಿ ಎನ್ನುವ ಪತ್ರವನ್ನು ನಾವು ವಂಚಕರದ್ದೆಂದು ಹರಿದೆಸೆದೆವು. ಅದು ಅಪ್ಪಟ ಸರ್ಕಾರಿ ನಿಯಮವಾಗಿತ್ತು. ಬಾಕಿಯನ್ನು ದಂಡದ ಸಮೇತ ಕಟ್ಟಿದೆವು.

ಆ ದಂಡ ನನ್ನನ್ನು ಭಾಷೆ ಕಲಿಯಲು ಕಳುಹಿಸಿತು. ಪ್ರತಿ ಊರಿನಲ್ಲಿಯೂ ‘ಫೋಕ್ಸ್‌ಹೋಖ್‌ಶೂಲೆ’ ಎಂಬ ವಯಸ್ಕರ ಶಾಲೆಯಿರುತ್ತದೆ, ಶುಲ್ಕ ಖಾಸಗಿ ಶಾಲೆಗಳಿಗಿಂತ ಕಡಿಮೆ. ಅಲ್ಲಿ ಒಂದು ವರ್ಷ ಕಲಿತು, ಪರೀಕ್ಷೆ ಪಾಸಾಗಿ, ಸೂಜಿ, ನೂಲು, ಗುಂಡಿ ಮಾರುವ ಒಂದು ಅಂಗಡಿಯಲ್ಲಿ ವಾರಕ್ಕೆ ಮೂರು ದಿನದ ಕೆಲಸ ಹಿಡಿದೆ. ಮೊದಲ ದಿನವೇ ಒಂದು ಪದವೂ ಅರ್ಥವಾಗಲಿಲ್ಲ! ಶಾಲೆಯ ಜರ್ಮನ್ ಬೇರೆ, ಅಂಗಡಿಗೆ ಬರುವವರ ಶ್ವಾಬೆನ್ ಮಾತು ಬೇರೆ. ಪುಸ್ತಕದಲ್ಲಿ ‘ಹೇಬೆನ್’ ಎಂದರೆ ಎತ್ತು, ಇವರ ಬಾಯಲ್ಲಿ ‘ಹಿಡಿದುಕೋ’. ಬಟ್ಟೆಯ ಸುರುಳಿ ಹಿಡಿದುಕೋ ಎಂದ ಗ್ರಾಹಕಿಯ ಎದುರು ನಾನು ಅದನ್ನು ತಲೆಯ ಮೇಲಕ್ಕೆತ್ತಿ ನಿಂತೆ. ಪುಸ್ತಕದಲ್ಲಿ ‘ಫೂಸ್’ ಎಂದರೆ ಪಾದ ಮಾತ್ರ, ಇವರಿಗೆ ಸೊಂಟದಿಂದ ಕೆಳಗಿನದೆಲ್ಲವೂ ‘ಫೂಸ್’. ಅಲ್ಲಿ ಮಾತ್ರ ನನಗೆ ತೊಂದರೆಯಾಗಲಿಲ್ಲ, ನಮಗೂ ಎಲ್ಲವೂ ಕಾಲೇ ಅಲ್ಲವೇ. ಇನ್ನು, ಪ್ರೀತಿ ಬಂದ ಪ್ರತಿಯೊಂದಕ್ಕೂ ಇವರು ‘ಲೆ’ ಸೇರಿಸುತ್ತಾರೆ: ಮನೆಗೆ ಹೊಯ್ಸ್‌ಲೆ, ಹುಡುಗಿಗೆ ಮೇಡ್‌ಲೆ. ಹುಬ್ಬಳ್ಳಿಯಲ್ಲಿ ‘ಲೇ’ ಎಂದರೆ ಏನೆಂದು ವಿವರಿಸಿದಾಗ ಅಂಗಡಿಯ ಒಡತಿ ಅರ್ಧ ಗಂಟೆ ನಕ್ಕಳು. ಈಗ ನಮ್ಮ ಯಜಮಾನರು ಫೋನ್ ಮಾಡಿದರೆ ಅವಳೂ ‘ಲೇ’ ಎಂದೇ ಎತ್ತುತ್ತಾಳೆ.

ಕಾರು ಓಡಿಸುವವರಾದರೆ ಇನ್ನೊಂದು ಮಾತು. ಭಾರತದ ಪರವಾನಗಿ ಇಲ್ಲಿ ಬಂದು ನೆಲೆಸಿದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಆಮೇಲೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಹೊಸದಾಗಿ. ಇವರು ಎರಡನೆಯ ಪ್ರಯತ್ನದಲ್ಲಿ ಪಾಸಾದರು. ನಾನು ಬಸ್ಸಿನವಳು.

ಸಸ್ಯಾಹಾರಿಗಳಿಗೆ ಬ್ರೆಡ್ ಒಂದೇ ಗತಿಯೇ?
– ಓದುಗರು, ಉಡುಪಿ

ಬ್ರೆಡ್ಡನ್ನು ಅಷ್ಟು ಹಗುರವಾಗಿ ಕಾಣಬೇಡಿ, ಹಗ್ಗದಂತೆ ದುಂಡಗೆ ಹೆಣೆದು ಬೇಯಿಸಿದ ಇಲ್ಲಿಯ ಬ್ರೇತ್ಸೆಲ್ ಬಿಸಿಯಿದ್ದಾಗ ಊರಿನ ಬೋಂಡಾಕ್ಕೆ ಸಮ. ಆದರೆ ಎಚ್ಚರದ ಕಥೆಯೊಂದಿದೆ. ‘ಮೌಲ್‌ಟಾಶೆನ್’ ಎಂಬುದು ನಮ್ಮ ಕಡುಬಿನಂಥದ್ದು. ಹೊರಗೆ ಹಿಟ್ಟಿನ ಹಾಳೆ, ಒಳಗೆ ಪಾಲಕ್ ಕಾಣುತ್ತದೆ. ಪಾಲಕ್ಕಿನ ಜೊತೆ ಮಾಂಸವೂ ಇರುತ್ತದೆ. ಉಪವಾಸದ ದಿನಗಳಲ್ಲಿ ಮೌಲ್‌ಬ್ರೊನ್ ಮಠದ ಸನ್ಯಾಸಿಗಳು ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಟ್ಟರೆಂದು ಕಥೆ. ಅದಕ್ಕೆ ಆಡುಮಾತಿನಲ್ಲಿರುವ ಹೆಸರನ್ನು ಕನ್ನಡಕ್ಕೆ ತಂದರೆ ‘ದೇವರಿಗೆ ಟೋಪಿ ಹಾಕುವವು’. ನಮಗೂ ಹಾಕಿದವು, ಒಂದು ಸಲ.

ಬೇಳೆ ಬೇಕೆಂದರೆ ಇಲ್ಲಿಯದೇ ಬೇಳೆಯಿದೆ. ‘ಶ್ಪೆಟ್ಸ್ಲೆ’ ಎಂಬ ಮೊಟ್ಟೆ ಹಾಕಿದ ಶಾವಿಗೆಯ ಜೊತೆ ಮಸೂರದಂಥ ಕಾಳಿನ ಹುಳಿ, ಹುಣಸೆಯ ಬದಲು ವಿನೆಗರ್. ಮೇಲೆ ಸಾಸೇಜ್ ಇಡುತ್ತಾರೆ, ಕಾಳಿನೊಳಗೂ ಹಂದಿಯ ಕೊಬ್ಬು ಇರಬಹುದು, ಕೇಳಿಯೇ ತಿನ್ನಿ. ನಾನು ಮನೆಯಲ್ಲಿ ಆ ಕಾಳಿಗೆ ಇಂಗಿನ ಒಗ್ಗರಣೆ ಹಾಕುತ್ತೇನೆ. ಪಕ್ಕದ ಆಲ್ಬ್ ಬೆಟ್ಟಸೀಮೆಯಲ್ಲಿ ಬೆಳೆಯುತ್ತಿದ್ದ ಈ ಕಾಳಿನ ತಳಿ ಕಳೆದ ಶತಮಾನದ ನಡುವಿನಲ್ಲಿ ಕಣ್ಮರೆಯಾಗಿತ್ತು. 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಬೀಜಸಂಗ್ರಹದಲ್ಲಿ ಕೆಲವು ಕಾಳು ಸಿಕ್ಕಿದವು. ಅವನ್ನೇ ಬಿತ್ತಿ, ಹೆಚ್ಚಿಸಿ, ಈಗ ಅಂಗಡಿಯಲ್ಲಿ ಪೊಟ್ಟಣವಾಗಿ ಮಾರುತ್ತಾರೆ. ಬೆಲೆ ತೊಗರಿಬೇಳೆಗಿಂತ ಹೆಚ್ಚು. ಪರವಾಗಿಲ್ಲ, ಅಷ್ಟು ದೂರ ಹೋಗಿ ಬಂದಿದೆ.

ಕಡಿಮೆ ಖರ್ಚಿನಲ್ಲಿ ಸುತ್ತಾಡುವುದು ಹೇಗೆ? ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆಯಿದೆ.
– ಓದುಗರು, ಮ್ಯೂನಿಕ್

‘ಡಾಯ್ಚ್‌ಲಾಂಡ್ ಟಿಕೆಟ್’ ನಿಮಗೆ ಗೊತ್ತೇ ಇರುತ್ತದೆ. 2023ರ ಮೇ ತಿಂಗಳಲ್ಲಿ ತಿಂಗಳಿಗೆ 49 ಯೂರೊ ಇದ್ದದ್ದು 2026ರ ಜನವರಿಯಿಂದ 63 ಆಗಿದೆ. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ನಿಧಾನದ ರೈಲುಗಳಲ್ಲಿ ನಡೆಯುತ್ತದೆ, ವೇಗದ ರೈಲುಗಳಲ್ಲಿ ಇಲ್ಲ. ಮ್ಯೂನಿಕ್‌ನಿಂದ ಗಡಿ ದಾಟಿ ಆಸ್ಟ್ರಿಯಾದ ಸಾಲ್ಸ್‌ಬುರ್ಗ್ ನಿಲ್ದಾಣದವರೆಗೂ ಇದರಲ್ಲೇ ಹೋಗಬಹುದು. ಹೆತ್ತವರಿಗೂ ಕೊಡಿಸಿ. ಆದರೆ ಇದು ಚಂದಾ, ತಿಂಗಳ 10ನೆಯ ತಾರೀಖಿನೊಳಗೆ ರದ್ದುಮಾಡದಿದ್ದರೆ ಅವರು ಊರಿಗೆ ಮರಳಿ ತೋಟದಲ್ಲಿ ಅಡಕೆ ಸುಲಿಯುತ್ತಿದ್ದರೂ ಹಣ ಕತ್ತರಿಸುತ್ತಲೇ ಇರುತ್ತದೆ.

ನಮ್ಮ ತಿರುಗಾಟವೆಲ್ಲ ಹೀಗೆ ನಿಧಾನದ ರೈಲಿನದು. ಉಲ್ಮ್‌ಗೆ ಹೋಗಿ ಚರ್ಚಿನ ಗೋಪುರದ 768 ಮೆಟ್ಟಿಲು ಹತ್ತಿದೆವು. ‘ಇದರ ಸರದಿ ಯಾರದೋ’ ಎಂದು ಇವರು ಏದುಸಿರಿನಲ್ಲಿಯೇ ಕೇಳಿದರು. ಅಲ್ಲಿಂದ ಸ್ವಲ್ಪ ದೂರದ ಬ್ಲೌಬೊಯ್ರೆನ್‌ನಲ್ಲಿ ನೀಲಿ ಶಾಯಿ ಚೆಲ್ಲಿದಂಥ ಒಂದು ಬುಗ್ಗೆಯ ಕೊಳವಿದೆ. ಸಮೀಪದ ಹೋಲೆ ಫೆಲ್ಸ್ ಗುಹೆಯಲ್ಲಿ ರಣಹದ್ದಿನ ಮೂಳೆಯ ಕೊಳಲು ಸಿಕ್ಕಿದೆ, 35,000 ವರ್ಷಗಳಿಗೂ ಹಳೆಯದು. ಅದರ ಮುಂದೆ ಉಲ್ಮ್‌ನ ಗೋಪುರ ನಿನ್ನೆ ಮೊನ್ನೆಯದು.

ಒಂದು ಎಚ್ಚರಿಕೆ: ಇಲ್ಲಿ ಕೆಲವು ರೈಲುಗಳು ದಾರಿಯ ನಡುವೆ ಎರಡಾಗುತ್ತವೆ. ಮುಂದಿನ ಅರ್ಧ ಒಂದೂರಿಗೆ, ಹಿಂದಿನ ಅರ್ಧ ಇನ್ನೊಂದೂರಿಗೆ. ಕಪ್ಪು ಅರಣ್ಯದ ಕಡೆ ಹೊರಟಾಗ ಇವರು ಬ್ರೇತ್ಸೆಲ್ ಕೊಳ್ಳಲು ಹೋಗಿ ತಡವಾಗಿ, ಓಡಿ ಬಂದು ಮುಂದಿನ ಡಬ್ಬಿ ಹತ್ತಿದರು. ನಾನು ಹಿಂದಿನದರಲ್ಲಿ ಕುಳಿತಿದ್ದೆ. ಫೋನ್‌ನಲ್ಲಿ ‘ಎಡಗಡೆ ಕೆರೆ ಕಾಣುತ್ತಿದೆ ನೋಡು’ ಎಂದರು. ನನ್ನ ಎಡಗಡೆ ಬರೀ ಮರ, ಬಲಗಡೆಯೂ ಮರ. ಘೋಷಣೆ ಮೂರು ಸಲ ಆಗಿತ್ತಂತೆ. ಊಟದ ಚೀಲ ನನ್ನ ಬಳಿ, ನೀರು ಅವರ ಬಳಿ. ಮೂರು ಗಂಟೆಗಳ ನಂತರ ಒಂದೇ ನಿಲ್ದಾಣದಲ್ಲಿ ಸೇರಿದೆವು. ತಪ್ಪು ಯಾರದೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಕಿಟ್ಟೆಲ್ ಅವರ ಊರು ನಿಮಗೆ ಹತ್ತಿರವೆಂದು ಬರೆದಿದ್ದಿರಿ. ಹೋಗಿದ್ದಿರಾ?
– ನಿವೃತ್ತ ಶಿಕ್ಷಕರು, ಧಾರವಾಡ

ಮೊದಲು ಒಂದು ತಿದ್ದುಪಡಿ, ನನ್ನ ಬರಹದ್ದೇ ತಪ್ಪು. ಕಿಟ್ಟೆಲ್ ಹುಟ್ಟಿದ್ದು ಇಲ್ಲಿಂದ ಬಹಳ ದೂರದ ಉತ್ತರದ ಕಡಲ ಸೀಮೆಯಲ್ಲಿ, 1832ರಲ್ಲಿ. ನಮಗೆ ಹತ್ತಿರವಿರುವುದು ಅವರು ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್, ರೈಲಿನಲ್ಲಿ ಸುಮಾರು ಒಂದು ಗಂಟೆ. ಹೋಗಿದ್ದೇವೆ, ನಾಲ್ಕು ಸಲ.

ಅದಕ್ಕಿಂತ ಹತ್ತಿರದ ಸಂಗತಿ ನಮಗೆ ಎರಡು ವರ್ಷ ಗೊತ್ತೇ ಇರಲಿಲ್ಲ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು 1881ರಲ್ಲಿ, ಇದೇ ಎಸ್ಲಿಂಗೆನ್‌ನಲ್ಲಿ! ಅತ್ತೆಯವರು ಊರಿನಿಂದ ಕಳುಹಿಸಿದ ಉಪ್ಪಿನಕಾಯಿ ಸೀಸೆಗೆ ಸುತ್ತಿದ್ದ ಪತ್ರಿಕೆಯ ಹಾಳೆಯಲ್ಲಿ ಪತ್ರಿಕಾ ದಿನಾಚರಣೆಯ ಲೇಖನವಿತ್ತು. ಅಡುಗೆಮನೆಯಲ್ಲಿ ನಿಂತು ಓದುತ್ತಾ ‘ಎಸ್ಲಿಂಗೆನ್’ ಎಂಬ ಪದ ಬಂದಾಗ ಮೂರು ಸಲ ಓದಿದೆ. ಎಣ್ಣೆ ಹತ್ತಿ ವರ್ಷದ ಅಂಕಿ ಮಾಸಿತ್ತು. ನಾನು ತರಕಾರಿ ತರುವ ಬೀದಿಗಳಲ್ಲಿ ಕನ್ನಡ ಬಲ್ಲ ಒಬ್ಬ ಮುದುಕ ನಡೆದಾಡಿದ್ದಾನೆ!

ಮರುವಾರವೇ ಮೋಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್‌ಗೆ ಹೋದೆವು. ದ್ರಾಕ್ಷಿ ತೋಟಗಳ ನಡುವಿನ ಪುಟ್ಟ ಊರು. ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಪತಿ ತೇಯೊಡೊರ್ ಹೊಯ್ಸ್ ಕೂಡ ಅಲ್ಲಿಯವರೇ, ಅವರ ವಸ್ತುಸಂಗ್ರಹಾಲಯವಿದೆ. ಬೇಕರಿಯಾಕೆಗೆ ಹೊಯ್ಸ್ ಗೊತ್ತು, ಮೋಗ್ಲಿಂಗ್ ಗೊತ್ತಿರಲಿಲ್ಲ. ಇವರು ಫೋನ್‌ನಲ್ಲಿ ಹಳೆಯ ಪತ್ರಿಕೆಯ ಚಿತ್ರ ತೋರಿಸಿ, ನಿಮ್ಮೂರಿನವರು ನಮ್ಮ ಅಕ್ಷರದಲ್ಲಿ ಬರೆಸಿದ್ದು ಎಂದರು. ಆಕೆ ಕೈ ಒರೆಸಿಕೊಂಡು, ಚಿತ್ರವನ್ನು ದೊಡ್ಡದು ಮಾಡಿ, ‘ಎಷ್ಟು ದುಂಡಗಿದೆ’ ಎಂದಳು. ಬ್ರೇತ್ಸೆಲ್ ಮಾಡುವ ಕೈ, ಅವಳಿಗೆ ದುಂಡಗಿನದರ ಬೆಲೆ ಗೊತ್ತು.

ಟ್ಯೂಬಿಂಗೆನ್‌ಗೆ ಹೋಗುವವರಿಗೆ ಒಂದು ಸಲಹೆ: ಬೇಸಿಗೆಯ ಭಾನುವಾರ ಬೇಡ. ನೆಕ್ಕರ್ ನದಿಯಲ್ಲಿ ಗಳು ಊರಿ ನಡೆಸುವ ದೋಣಿಗಳ ಜಾತ್ರೆಯಿರುತ್ತದೆ. ಅಕ್ಟೋಬರ್‌ನ ಒಂದು ಮಂಗಳವಾರ ಹೋಗಿ. ಅಲ್ಲಿಯ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನು ಆ ಗಡ್ಡದ ಎಬರ್‌ಹಾರ್ಡನೇ, ಕಸದ ಕಟ್ಟಳೆಯ ದೊರೆ. ಅದೇ ವಿಶ್ವವಿದ್ಯಾಲಯ 1858ರಲ್ಲಿ ಮೋಗ್ಲಿಂಗ್‌ಗೆ, 1896ರಲ್ಲಿ ಕಿಟ್ಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟ್ಟೆಲ್ ಅವರ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದು 1894ರಲ್ಲಿ. ಅಷ್ಟರಲ್ಲಿ ಕಿಟ್ಟೆಲ್ ಜರ್ಮನಿಗೆ ಮರಳಿ ಆಗಿತ್ತು. ನದಿಯ ಮೇಲಿನ ಗೋಡೆಯ ಮೇಲೆ ಕುಳಿತು ಫೋನ್‌ನಲ್ಲಿ ಆ ನಿಘಂಟು ತೆರೆದು ‘ಕೇರು’ ಹುಡುಕಿದೆ. ಇತ್ತು, ಮೊರದ ಕೇರು. ಅದನ್ನು ಅವರಿಗೆ ತೋರಿಸಿಕೊಟ್ಟ ಹೆಂಗಸು ಯಾರಿರಬಹುದು, ಯಾವ ಊರಿನ ಯಾವ ಅಂಗಳದಲ್ಲಿ ಕೇರುತ್ತಿದ್ದಳೋ ಎಂದು ಬಹಳ ಹೊತ್ತು ಯೋಚಿಸಿದೆ. ಇವರಿಗೆ ಹಸಿವಾಗಿತ್ತು.

ಕಾಯಿಲೆ ಬಿದ್ದರೆ?
– ಓದುಗರು, ಕೋಲಾರ

ಸಾರ್ವಜನಿಕ ವಿಮೆಯಲ್ಲಿ ಗಳಿಕೆಯಿಲ್ಲದ ಸಂಗಾತಿಗೆ ಪ್ರತ್ಯೇಕ ಕಂತಿಲ್ಲ. ರಾತ್ರಿ, ರಜಾದಿನ ವೈದ್ಯರು ಬೇಕಾದರೆ 116117, ಪ್ರಾಣಕ್ಕೆ ಬಂದರೆ 112. ಉಳಿದಂತೆ ಜ್ವರಕ್ಕೆ ವೈದ್ಯರು ಕೊಡುವ ಮದ್ದು ಮೂರು ದಿನದ ರಜೆ ಮತ್ತು ಗಿಡಮೂಲಿಕೆ ಚಹಾ. ಇಂಜೆಕ್ಷನ್ ಕೇಳಿದ್ದಕ್ಕೆ ನನ್ನನ್ನು ವಿಚಿತ್ರವಾಗಿ ನೋಡಿದರು.

ಇಬ್ಬರೇ ಇದ್ದು ಇದ್ದು ಜಗಳವಾಗುವುದಿಲ್ಲವೇ? ಸಮಾಧಾನ ಹೇಳಲು ಹಿರಿಯರಿಲ್ಲ, ಕೋಪಿಸಿಕೊಂಡು ಹೋಗಲು ತವರಿಲ್ಲ.
– ಓದುಗಿ, ಚಿಕ್ಕಮಗಳೂರು

ಈ ಕಟ್ಟಿನಲ್ಲಿ ಇದೊಂದೇ ಪ್ರಶ್ನೆಯನ್ನು ಇವರಿಗೆ ಓದಿ ಹೇಳಲಿಲ್ಲ.

ಆಗುತ್ತದೆ. ಡಿಸೆಂಬರ್‌ನಲ್ಲಿ ಹೆಚ್ಚು. ಬೆಳಕು ಹರಿಯುವುದು ಎಂಟರ ಮೇಲೆ, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಎರಡು ಕೋಣೆ, ಇಬ್ಬರು, ಮುಚ್ಚಿದ ಕಿಟಕಿ. ಊರಿನಲ್ಲಾದರೆ ಜಗಳದ ನಡುವೆ ಯಾರಾದರೂ ಬಂದು ಕಾಫಿ ಕೇಳುತ್ತಾರೆ, ಜಗಳ ಅಲ್ಲಿಗೆ ಸತ್ತಿತು. ಇಲ್ಲಿ ಹೇಳದೆ ಯಾರೂ ಬರುವುದಿಲ್ಲ. ಮೇಲಾಗಿ ಹತ್ತು ಗಂಟೆಯ ನಂತರ ಪಿಸುಮಾತಿನಲ್ಲಿ ಜಗಳವಾಡಬೇಕು. ಪಿಸುಮಾತಿನಲ್ಲಿ ಬೈಯುವುದು ಎಷ್ಟು ಕಷ್ಟವೆಂದು ಒಮ್ಮೆ ಪ್ರಯತ್ನಿಸಿ. ನಮ್ಮಿಬ್ಬರಲ್ಲಿ ಒಬ್ಬರಿಗೆ ಖಂಡಿತ ನಗು ಬರುತ್ತದೆ, ಸಾಮಾನ್ಯವಾಗಿ ತಪ್ಪು ಮಾಡಿದವರಿಗೆ.

ನಗು ಬಾರದ ಒಂದು ಚಳಿಗಾಲವೂ ಇತ್ತು. ಮಾವನವರು ತೀರಿಕೊಂಡ ಸುದ್ದಿ ಬಂದ ರಾತ್ರಿ ಇವರೊಬ್ಬರೇ ಹೊರಟರು. ನನ್ನ ಅನುಮತಿಪತ್ರ ನವೀಕರಣಕ್ಕೆ ಹೋಗಿತ್ತು, ದೇಶ ಬಿಟ್ಟರೆ ಮರಳುವುದು ಖಾತ್ರಿಯಿರಲಿಲ್ಲ. ಇಲ್ಲಿಯೇ ಉಳಿದೆ. ಅದನ್ನು ಇವರು ಕ್ಷಮಿಸಿದ್ದಾರೆ, ಅತ್ತೆಯವರೂ ಕ್ಷಮಿಸಿದ್ದಾರೆ, ನನಗಿನ್ನೂ ಪೂರ್ತಿ ಆಗಿಲ್ಲ. ಆ ಮೂರು ವಾರ ಯಾರಿಗೂ ಏನೂ ಹೇಳಿರಲಿಲ್ಲ. ಒಂದು ಭಾನುವಾರ ಇದ್ದಕ್ಕಿದ್ದಂತೆ, ಕಳೆದ ವಾರ ಮೆಟ್ಟಿಲಿನ ಸರದಿ ನಮ್ಮದಲ್ಲವೇ ಎಂದು ನೆನಪಾಗಿ ಬಾಗಿಲು ತೆರೆದೆ. ಹಿಡಿಕೆಯಲ್ಲಿ ಫಲಕವಿರಲಿಲ್ಲ. ಮೆಟ್ಟಿಲು ಒರೆಸಿತ್ತು, ಮೂಲೆ ಸಮೇತ. ಫಲಕ ಎದುರುಮನೆಯ ಬಾಗಿಲಲ್ಲಿತ್ತು. ಸಾವಿಗೆ ಸಾಂತ್ವನ ಹೇಳುವ ಕಪ್ಪು ಅಂಚಿನ ಲಕೋಟೆಯೊಂದು ನಮ್ಮ ಚಾಪೆಯ ಮೇಲಿತ್ತು, ಒಳಗೆ ಉಳಿದ ಐದೂ ಮನೆಗಳ ಸಹಿ. ಅಜ್ಜಿ ಅಂದಿನಿಂದ ಇಂದಿನವರೆಗೆ ಆ ಮಾತೆತ್ತಿಲ್ಲ. ಇವರು ಮರಳಿದ ಮೇಲೆ, ಮುಂದಿನ ಸರದಿಗೆ ಸರಿಯಾಗಿ ಫಲಕ ನಮ್ಮ ಬಾಗಿಲಿಗೆ ಬಂತು.

ಯಾವಾಗ ವಾಪಸು ಬರುತ್ತೀರಿ?
– ಓದುಗರು, ಹಾವೇರಿ

ಅಮ್ಮನೂ ಪ್ರತಿ ಭಾನುವಾರ ಇದನ್ನೇ ಕೇಳುತ್ತಾಳೆ. 2024ರ ಜೂನ್‌ನಿಂದ ಇಲ್ಲಿ ಐದು ವರ್ಷ ನೆಲೆಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ನೀಲಿ ಪಾಸ್‌ಪೋರ್ಟ್ ಬಿಡಬೇಕು. ಅರ್ಜಿ ನಮೂನೆ ತಂದಿಟ್ಟಿದ್ದೇವೆ, ಮೇಜಿನ ಖಾನೆಯಲ್ಲಿದೆ, ತುಂಬಿಲ್ಲ.

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋಗಿದ್ದಾಗ ಒಂದು ಶನಿವಾರ ಸಂಜೆ ಇವರು ಕಾಣಿಸಲಿಲ್ಲ. ಹುಡುಕಿದರೆ, ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಿಂದ ಕೆಳಕ್ಕೆ ಮೆಟ್ಟಿಲು ಗುಡಿಸುತ್ತಾ ಬರುತ್ತಿದ್ದರು, ಪಂಚೆ ಎತ್ತಿ ಕಟ್ಟಿಕೊಂಡು. ಕಾವಲುಗಾರ ಓಡಿ ಬಂದು ಪೊರಕೆ ಕಿತ್ತುಕೊಂಡ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಸಾಹೇಬರಿಗೆ ಅಲ್ಲಿ ಕೆಲಸ ಹೋಗಿದೆಯೇ ಎಂದು ಮೆಲ್ಲಗೆ ವಿಚಾರಿಸಿದ.